ಕಾಯೋಣ ಡಾಕ್ಟ್ರು

ನಮ್ಮ ದನದ ಡಾಕ್ಟ್ರು ಕಳೆದ ತಿಂಗಳು ರಿಟೈರ್ ಆದರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ಅಲ್ಲದೆ ನಮ್ಮ ಕಡೆ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ಎದುರಿಗೆ "ಡಾಕ್ಟ್ರೇ", ಬೆನ್ನ ಹಿಂದೆ "ಕಾಯೋಣ ಡಾಕ್ಟ್ರು". ಆ ಅಡ್ಡಹೆಸರು ಇಟ್ಟವರಲ್ಲಿ ನಾನೂ ಒಬ್ಬಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಬರಹದಲ್ಲಿ ನಾನು ಒಳ್ಳೆಯವಳಾಗಿ ಕಾಣುವ ಜಾಗ ಕಡಿಮೆ.

ನಾನು ಬರೆಯುವವಳೇನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಬಂದವಳು, ಸಿಕ್ಕಿದ ವಾರಪತ್ರಿಕೆ ಬಿಡದೆ ಓದುವವಳು, ಅಷ್ಟೇ. ನಮ್ಮದು ಹೂಡಿಯ ಪಕ್ಕದ ಒಂದು ಹಳ್ಳಿ. ಈಗ ಅದನ್ನು ಹಳ್ಳಿ ಎಂದರೆ ಆಟೋದವರು ನಗುತ್ತಾರೆ. ರಾಗಿ ಬೆಳೆಯುತ್ತಿದ್ದ ಕಡೆ ಗಾಜಿನ ಕಟ್ಟಡಗಳು ಬಂದಿವೆ, ನಮ್ಮ ಹಿತ್ತಲಲ್ಲಿ ಹನ್ನೆರಡು ಬಾಡಿಗೆ ರೂಮು ಬಂದಿವೆ. ರೂಮುಗಳಿಗೂ ರಸ್ತೆಗೂ ನಡುವೆ ನನ್ನ ಕೊಟ್ಟಿಗೆ. ಅದರಲ್ಲಿ ಎರಡು ಹಸು: ವಯಸ್ಸಾದ ಗಂಗೆ, ಅವಳ ಮಗಳು ಬೆಳ್ಳಿ. ಯಜಮಾನರು ಹೋದ ಮೇಲೆ ನಾನು ಬೆಳಗಾಗೆದ್ದು ಸೊಂಟ ನೆಟ್ಟಗೆ ಮಾಡುವುದೇ ಈ ಎರಡು ಜೀವಕ್ಕಾಗಿ.

ನನ್ನ ಮಗನಿಗೆ ನೀರಿನ ಟ್ಯಾಂಕರಿನ ವ್ಯವಹಾರ. ಒಳ್ಳೆಯವನೇ, ನನ್ನ ಮೇಲೆ ಪ್ರಾಣ ಇಟ್ಟುಕೊಂಡಿದ್ದಾನೆ. ಆದರೆ ಕೊಟ್ಟಿಗೆ ನೋಡಿದರೆ ಅವನಿಗೆ ಕಾರು ನಿಲ್ಲಿಸುವ ಜಾಗ ಮಾತ್ರ ಕಾಣುತ್ತದೆ. "ಅಮ್ಮಾ, ಹಸು ಚೆನ್ನಾಗಿರೋವರೆಗೂ ನಾನ್ ಬಾಯ್ ಬಿಡಲ್ಲ. ಕೆಚ್ಚಲು ಗಿಚ್ಚಲು ಕೆಡ್ತು ಅಂದ್ರೆ ಮಾತ್ರ ಎರಡನ್ನೂ ಕೊಟ್ಬಿಡೋಣ, ಆಮೇಲೆ ಅಳ್ಬಾರ್ದು" ಎಂದು ಖಡಾಖಂಡಿತವಾಗಿ ಹೇಳಿದ್ದ. ಅಂದಿನಿಂದ ದಿನಾ ಹಾಲು ಕರೆಯಲು ಕೂತಾಗ ಮೊದಲು ಒಂದೊಂದು ಮೊಲೆಯನ್ನೂ ಒತ್ತಿ ನೋಡುತ್ತಿದ್ದೆ.

ಈಗ ಡಾಕ್ಟ್ರ ವಿಷಯಕ್ಕೆ ಬರುತ್ತೇನೆ.

ಸಣಕಲು ಆಳು, ಬೆನ್ನು ಸ್ವಲ್ಪ ಬಾಗು. ಹಳೆಯ ಸ್ಕೂಟರು. ಮುಂದಿನ ಬುಟ್ಟಿಯಲ್ಲಿ ಗಂಬೂಟು, ಹ್ಯಾಂಡಲ್ಲಿಗೆ ನೇತುಹಾಕಿದ ಒಂದು ಸೋಪಿನ ಡಬ್ಬಿ. ಮನೆಗೆ ಬಂದರೆ ಮೊದಲ ಮಾತು "ಒಂದು ಬಕೆಟ್ ನೀರು". ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವರು. ಒಂದು ಹಸು ಮುಟ್ಟಿ ಇನ್ನೊಂದನ್ನು ಮುಟ್ಟುವ ಮೊದಲು ಮತ್ತೆ ತೊಳೆಯುವರು. ಹೊರಡುವ ಮುಂಚೆ ಮತ್ತೆ. ನಮ್ಮತ್ತೆ ಇದ್ದಾಗ "ಈ ವಯ್ಯ ಬ್ಯಾನೆ ನೋಡಾಕೆ ಬತ್ತಾನೋ ಮೈ ತೊಳೆಯಾಕೆ ಬತ್ತಾನೋ" ಎಂದು ಗೊಣಗುತ್ತಿದ್ದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ.

ಕೈ ತೊಳೆದಾದ ಮೇಲೆ ಅವರು ಹಸುವಿನ ಎದುರು ಸುಮ್ಮನೆ ನಿಲ್ಲುವರು. ಎಷ್ಟೋ ಹೊತ್ತು ನಿಲ್ಲುವರು. ನಾವು ಕಾಫಿ ತಂದು ಹಿಡಿದರೂ ತೆಗೆದುಕೊಳ್ಳರು. ಅದು ಮೆಲುಕು ಹಾಕುವುದನ್ನು ನೋಡುವರು, ಕಿವಿ ಮುಟ್ಟಿ ನೋಡುವರು, ಸಗಣಿಯನ್ನು ಕಡ್ಡಿಯಿಂದ ಕೆದಕಿ ನೋಡುವರು. ಕೊನೆಗೆ ಹತ್ತರಲ್ಲಿ ಆರು ಸಲ ಒಂದೇ ಮಾತು: "ಮೇಯ್ತಾ ಇದೆ, ಮೆಲುಕು ಹಾಕ್ತಾ ಇದೆ. ನಾಳೆವರೆಗೂ ಕಾಯೋಣ."

ನಮ್ಮ ಕಡೆ ಡಾಕ್ಟ್ರು ಬಂದರು ಎಂದರೆ ಸೂಜಿ ಬೀಳಬೇಕು. ಬೀಳದಿದ್ದರೆ ಬಂದ ಲೆಕ್ಕವೇ ಅಲ್ಲ. ಒಮ್ಮೆ ಡೇರಿ ಸೆಕ್ರೆಟರಿಯ ಹಸು ಒಂದು ಹೊತ್ತು ಮೇವು ಬಿಟ್ಟಿತ್ತು. ಡಾಕ್ಟ್ರು ಬಂದು, ನೋಡಿ, ಹೊಟ್ಟೆ ಉಬ್ಬರ, ಬೆಲ್ಲ ಶುಂಠಿ ಕೊಡಿ ಎಂದು ಹೇಳಿ ಸ್ಕೂಟರಿನ ಕಡೆ ನಡೆದರು. ಸೆಕ್ರೆಟರಿ ಅಡ್ಡ ನಿಂತ.

"ಏನ್ ಸಾ, ಅಷ್ಟ್ ದೂರದಿಂದ ಬಂದಿದೀರ, ಒಂದ್ ಇಂಜೆಕ್ಷನ್ ಆಕ್ಬುಟ್ಟು ಓಗಿ."

"ಯಾವುದಕ್ಕೆ?"

"ಸುಮ್ನೆ ಸಾ, ಒಂದ್ ಧೈರ್ಯಕ್ಕೆ."

"ಹಸು ಧೈರ್ಯವಾಗೇ ಇದೆಯಲ್ಲಪ್ಪ. ಇಲ್ದೆ ಇರೋದು ನಿಮಗೆ. ಬನ್ನಿ, ತೋಳು ಚಾಚಿ" ಎಂದು ನಿಜವಾಗಿಯೂ ಬ್ಯಾಗಿಗೆ ಕೈ ಹಾಕಿದರು. ಸೆಕ್ರೆಟರಿ ಎರಡು ಹೆಜ್ಜೆ ಹಿಂದೆ ಸರಿದ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಸೆಕ್ರೆಟರಿ ಅದನ್ನು ಬಹಳ ದಿನ ಮರೆಯಲಿಲ್ಲ.

ಸೂಜಿ ಹಾಕುವುದೇ ಇಲ್ಲ ಎಂದಲ್ಲ. ಬೇಕಾದಾಗ ಹಾಕುವರು. ಆದರೆ ಆ್ಯಂಟಿಬಯಾಟಿಕ್ ಹಾಕಿದರೆ ಹಸುವಿನ ಹಿಂಗಾಲಿಗೆ ಒಂದು ಕೆಂಪು ಬಟ್ಟೆಯ ಪಟ್ಟಿ ಕಟ್ಟುವರು. ಅವರ ಹೆಂಡತಿಯ ಹಳೆಯ ಸೀರೆ ಹರಿದು ಮಾಡಿದ ಪಟ್ಟಿಯಂತೆ. ಕೊಟ್ಟಿಗೆಯ ಗೋಡೆಗೆ ಸೀಮೆಸುಣ್ಣದಲ್ಲಿ ತಾರೀಕು ಬರೆಯುವರು. ಕೊನೆಯ ಸೂಜಿ ಬಿದ್ದ ಮೇಲೂ ಇಷ್ಟು ದಿನ ಎಂದು ಲೆಕ್ಕ ಹಾಕಿ, ಆ ತಾರೀಕಿನವರೆಗೂ ಆ ಹಸುವಿನ ಹಾಲು ಡೇರಿಗೂ ಇಲ್ಲ, ಮನೆಗೂ ಇಲ್ಲ, ಕರುವಿಗೂ ಇಲ್ಲ. ಗುಂಡಿ ತೋಡಿ ಸುರಿದು ಮುಚ್ಚಬೇಕು. ಪಟ್ಟಿ ಬಿಚ್ಚಲು ಅವರೇ ಬರಬೇಕು. ನಮ್ಮ ಹೆಂಗಸರೆಲ್ಲ ಆ ಕೆಂಪು ಪಟ್ಟಿಗೆ ಹಿಡಿಶಾಪ ಹಾಕುತ್ತಿದ್ದೆವು. ಹಾಲು ಮಣ್ಣಿಗೆ ಸುರಿಯುವುದೆಂದರೆ ದುಡ್ಡನ್ನೇ ಹೂತಂತೆ. ಜೊತೆಗೆ ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನವರು ಹಾಲಿಗೆ ಬಂದಾಗ ಪಟ್ಟಿ ನೋಡಿ "ಏನಾಯ್ತು ಆಂಟಿ ಹಸುಗೆ" ಎಂದು ಕೇಳುವರು, ಅದು ಇನ್ನೊಂದು ಅವಮಾನ.

ನಡುವೆ ಕೆಲವು ವರ್ಷ ಅವರಿಗೆ ಅತ್ತಿಬೆಲೆ ಕಡೆ ವರ್ಗವಾಗಿತ್ತು. ಅಲ್ಲಿನ ಒಂದು ಕಥೆ ಅವರೇ ಹೇಳಿದ್ದು. ಕೋಳಿ ಶೆಡ್ಡು ಇಟ್ಟಿದ್ದ ಒಬ್ಬ ದಿನಾ ನೀರಿಗೆ ಔಷಧಿ ಬೆರೆಸುತ್ತಿದ್ದನಂತೆ. ಕೋಳಿಗೆ ಕಾಯಿಲೆ ಇದೆಯಾ ಎಂದರೆ ಇಲ್ಲ, ಬರಬಾರದು ಅಂತ ಹಾಕ್ತೀನಿ ಎಂದನಂತೆ. ಇವರು ನೆಲದ ಹೊಟ್ಟು ಬದಲಿಸು, ಗಾಳಿ ಬಿಡು, ಕೋಳಿ ಕಿಕ್ಕಿರಿಸಬೇಡ ಎಂದು ಹೇಳಿ ಹೇಳಿ ಸಾಕಾದರು. ಒಂದು ದಿನ ಅವನೇ ಊಟಕ್ಕೆ ಕರೆದ. ಮುದ್ದೆ, ಕೋಳಿ ಸಾರು. ಎಲೆಯ ಮುಂದೆ ಕೂತ ಡಾಕ್ಟ್ರು ಕೇಳಿದರು, "ಶೆಡ್ಡಿನ ಕೋಳಿಯಾ?" ಅವನು ಕಿವಿ ಮುಟ್ಟಿಕೊಂಡು, "ಅಯ್ಯೋ ಬಿಡ್ತು ಅನ್ನಿ ಸಾ, ನಿಮಗೆ ಅದನ್ನ ಬಡಿಸ್ತೀನಾ? ನಾವ್ ತಿನ್ನೋಕೆ ಇತ್ಲಲ್ಲಿ ಬೇರೆ ಸಾಕಿದೀವಿ" ಎಂದ. ಡಾಕ್ಟ್ರು ಇದನ್ನು ಹೇಳಿ ನಗುತ್ತಿರಲಿಲ್ಲ. ನಾವು ನಗುವವರೆಗೂ ನಮ್ಮ ಮುಖ ನೋಡುತ್ತಿದ್ದರು, ಆಮೇಲೆ ನಾವೂ ನಗು ನಿಲ್ಲಿಸುತ್ತಿದ್ದೆವು.

ನನ್ನ ಹತ್ತಿರ ಒಂದು ದೊಡ್ಡ ಗಾಜಿನ ಜಾಡಿ ಇತ್ತು. ಮನೆಯಲ್ಲಿ ಯಾರು ಯಾವ ಕಾಯಿಲೆಗೆ ಮಾತ್ರೆ ತಂದರೂ ವಾಸಿಯಾದ ಕೂಡಲೇ ನಿಲ್ಲಿಸಿ, ಮಿಕ್ಕಿದ್ದನ್ನು ಅದರಲ್ಲಿ ಹಾಕುವುದು ನಮ್ಮತ್ತೆ ಕಾಲದ ಪದ್ಧತಿ. ಹನ್ನೆರಡು ರೂಮಿನ ಬಾಡಿಗೆಯವರಿಗೂ ಅದೇ ದವಾಖಾನೆ. ಜ್ವರ ಎಂದರೆ ನಾನು ಜಾಡಿಯಲ್ಲಿ ಕೈಯಾಡಿಸಿ, ಕ್ಯಾಪ್ಸೂಲಿನ ಬಣ್ಣ ನೋಡಿ ಎರಡು ಕೊಡುತ್ತಿದ್ದೆ. "ಆಂಟಿ ಕೈಗುಣ ಚೆನ್ನಾಗಿದೆ" ಎಂಬ ಹೆಸರು ಬೇರೆ. ನನಗೆ ಅದರಲ್ಲಿ ಭಾರಿ ಹೆಮ್ಮೆ.

ಒಂದು ಬೆಳಗ್ಗೆ ಡಾಕ್ಟ್ರು ಗಂಗೆಯ ಕಾಲು ನೋಡುತ್ತಿದ್ದಾಗ ಯಾದಗಿರಿ ಕಡೆಯ ಮಲ್ಲಮ್ಮ ಬಂದಳು. ನಮ್ಮ ನಾಲ್ಕನೇ ರೂಮಿನವಳು, ಗಂಡ ಕಟ್ಟಡದ ಕೆಲಸಕ್ಕೆ, ಇವಳು ಅಪಾರ್ಟ್‌ಮೆಂಟಿನ ಕಸ ಗುಡಿಸಲು ಹೋಗುವವಳು. ಕಂಕುಳಲ್ಲಿ ಮಗಳು, ಮಗಳ ಮೂಗು ಸುರಿಯುತ್ತಿತ್ತು. "ಅಕ್ಕಾರ, ಮೊನ್ನಿ ಕೊಟ್ಟಿದ್ರಲ್ರೀ, ಆ ಕೆಂಪು ಗುಳಿಗಿ ಇನ್ನೊಂದ್ ಕೊಡ್ರಿ." ನಾನು ಜಾಡಿ ತಂದೆ. ಡಾಕ್ಟ್ರು ಕೂತಲ್ಲಿಂದಲೇ ಕತ್ತು ತಿರುಗಿಸಿದರು.

"ಆ ಮಾತ್ರೆ ಯಾರು ಬರ್ಕೊಟ್ಟಿದ್ದಮ್ಮ?"

"ಇದಾ ಸಾ? ಓದ್ ವರ್ಷ ನನ್ನ ಹಲ್ಲಿಗೆ ಕೊಟ್ಟಿದ್ದು."

"ನಿಮ್ಮ ಹಲ್ಲಿನ ಮಾತ್ರೆ ಈ ಮಗು ಮೂಗಿಗೆ ಯಾಕೆ?"

ಮಲ್ಲಮ್ಮನೇ ನನ್ನ ಪರ ನಿಂತಳು. "ದವಾಖಾನಿಗೆ ಹೋದ್ರ ಕೆಲಸ ತಪ್ತೈತ್ರೀ ಸಾಹೇಬ್ರ. ಅಕ್ಕಾರು ಪುಣ್ಯಾತ್ಗಿತ್ತಿ, ಕೇಳಿದ್ ಕೂಡ್ಲೇ ಕೊಡ್ತಾರ."

"ಪುಣ್ಯ ಬೇರೆ ಥರ ಮಾಡ್ಲಿ ಬಿಡು ತಾಯಿ. ನೆಗಡಿಗೆ ಈ ಮಾತ್ರೆ ಏನೂ ಮಾಡಲ್ಲ. ಇವತ್ತು ಸುಮ್ಸುಮ್ನೆ ತಿನ್ನಿಸಿದ್ರೆ ನಾಳೆ ನಿಜವಾಗ್ಲೂ ಬೇಕಾದಾಗ ಕೆಲಸ ಮಾಡಲ್ಲ. ಬಿಸಿನೀರು ಕುಡಿಸು, ಬೆಚ್ಚಗೆ ಇಡು. ಉಸಿರು ಜೋರಾದ್ರೆ, ಊಟ ಬಿಟ್ರೆ, ಜ್ವರ ಏರಿದ್ರೆ ಕೆಲಸ ಗಿಲಸ ನೋಡ್ಬೇಡ, ಮಕ್ಕಳ ಡಾಕ್ಟ್ರ ಹತ್ರ ಓಡು. ನಾನು ದನದ ಡಾಕ್ಟ್ರು, ನನ್ನ ಮಾತು ನಂಬ್ಕೊಂಡು ಕೂತ್ಕೋಬೇಡ" ಎಂದರು. ಮಗುವಿನ ಮೂಗನ್ನು ತಮ್ಮ ಕರ್ಚೀಫಿನಲ್ಲಿ ಒರೆಸಿ, ಮತ್ತೆ ಹೋಗಿ ಕೈ ತೊಳೆದರು. ಮಗು ನಾಲ್ಕು ದಿನಕ್ಕೆ ತಾನಾಗಿ ಸರಿಹೋಯಿತು. ನನಗೆ ಮಾತ್ರ ನನ್ನ ಕೈಗುಣವನ್ನು ಬಾಡಿಗೆಯವರ ಮುಂದೆ ಕಿತ್ತುಹಾಕಿದರಲ್ಲ ಎಂಬ ಉರಿ ಹೋಗಲಿಲ್ಲ. ಆ ಉರಿಯಲ್ಲಿ ಜಾಡಿಯನ್ನು ಒಳಗೆ ತೆಗೆದಿಟ್ಟೆ, ಬಿಸಾಡಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಗಂಗೆಗೆ ಕೆಚ್ಚಲು ಬಾವು ಬಂತು. ಇದೊಂದು ಸಲ ಬಿಟ್ಟಿದೀನಿ ಎಂದ ಮಗ. ಡಾಕ್ಟ್ರು ಔಷಧಿ ಬರೆದು ತರಿಸಿ ಮೊದಲ ಸೂಜಿ ತಾವೇ ಹಾಕಿದರು. ನನಗೂ ಸೂಜಿ ಹಾಕಲು ಬರುತ್ತದೆ, ಅತ್ತೆ ಕಲಿಸಿದ್ದು. "ಮಿಕ್ಕ ಎರಡು ದಿನ ನೀವೇ ಹಾಕಿ, ಪೂರ್ತಿ ಹಾಕಿ" ಎಂದು ಹೇಳಿ ಹೋದರು. ಎರಡನೇ ದಿನಕ್ಕೆ ಬಾವು ಇಳಿಯಿತು. ಇನ್ನೇಕೆ ಸುಮ್ಮನೆ ಎಂದು ನಾನು ನಿಲ್ಲಿಸಿಬಿಟ್ಟೆ. ಮೂರನೆಯ ದಿನದ ಔಷಧಿ ಬಾಟ್ಲಿಯ ತಳದಲ್ಲಿ ಹಾಗೇ ಉಳಿಯಿತು. ಅದನ್ನು ಫ್ರಿಜ್ಜಿನ ಬಾಗಿಲಲ್ಲಿ, ಉಪ್ಪಿನಕಾಯಿ ಪಕ್ಕ ಇಟ್ಟೆ. ನನ್ನ ಪ್ರಕಾರ ಅದು ಜಾಣತನ. ಪಟ್ಟಿ ಬಿಚ್ಚಲು ಬಂದ ಡಾಕ್ಟ್ರು "ಮೂರೂ ಆಯ್ತಾ?" ಎಂದಾಗ ಹೂಂ ಎಂದೆ.

ಕೆಲವು ವಾರ ಕಳೆದು ಬೆಳ್ಳಿಯ ಕೆಚ್ಚಲು ಊದಿತು. ಹಿಂದಿನ ಎಡ ಮೊಲೆಯಲ್ಲಿ ಹಾಲಿನ ಜೊತೆ ಬಿಳಿ ಗಂಟು. ಮಗನ ಮಾತು ಕಿವಿಯಲ್ಲಿ ಗುಂಯ್ ಎಂದಿತು. ಅವನಿಗೆ ಗೊತ್ತಾಗುವ ಮುಂಚೆ ಸರಿಮಾಡಬೇಕು ಎಂದು ಫ್ರಿಜ್ಜಿನಿಂದ ಬಾಟ್ಲಿ ತೆಗೆದು ಉಳಿದಿದ್ದಷ್ಟನ್ನೂ ಚುಚ್ಚಿದೆ. ಇಳಿಯಲಿಲ್ಲ. ಮಾರನೆಯ ದಿನ ವಿಧಿಯಿಲ್ಲದೆ ಡಾಕ್ಟ್ರಿಗೆ ಫೋನು ಮಾಡಿದೆ.

ಬಂದರು, ಕೈ ತೊಳೆದರು, ನಿಂತು ನೋಡಿದರು. "ಮುಂಚೆ ಏನಾದ್ರೂ ಹಾಕಿದ್ರಾ?"

"ಇಲ್ಲ ಸಾ, ಏನೂ ಆಕಿಲ್ಲ."

ನೋಡಿ, ಅಷ್ಟೇ ಮಾತು. ಬಾಯಿಗೆ ಬಂತು, ಆಡಿದೆ. ಮಗ ಬಾಗಿಲಲ್ಲಿ ನಿಂತಿದ್ದ.

"ಮೇಯ್ತಾ ಇದೆ, ಜ್ವರ ಇಲ್ಲ. ಯಾವ ಔಷಧಿಗೆ ಬಗ್ಗುತ್ತೆ ಅಂತ ತಿಳ್ಕೊಂಡು ಹಾಕೋಣ. ಹಾಲು ಲ್ಯಾಬಿಗೆ ಕಳಿಸ್ತೀನಿ. ಎರಡು ದಿನ ಕಾಯೋಣ" ಎಂದರು. ಮೊಲೆ ಒರೆಸಿ ಸಣ್ಣ ಸೀಸೆಗೆ ಹಾಲು ಹಿಡಿದು, ತಮ್ಮ ಊಟದ ಡಬ್ಬಿಯಲ್ಲಿ ಐಸು ತುಂಬಿ ಅದರೊಳಗಿಟ್ಟು, ಸ್ಕೂಟರಿನಲ್ಲಿ ತಾವೇ ತೆಗೆದುಕೊಂಡು ಹೋದರು. ಆ ಎರಡು ದಿನ ಎರಡೆರಡು ಗಂಟೆಗೊಮ್ಮೆ ಆ ಮೊಲೆಯ ಹಾಲು ಹಿಂಡಿ ತೆಗೆಯಬೇಕು, ಬಿಸಿನೀರಿನ ಬಟ್ಟೆ ಇಡಬೇಕು. ಮಲ್ಲಮ್ಮ, ಪಕ್ಕದ ರೂಮಿನ ಹೆಂಗಸರು ಸರದಿ ಹಾಕಿಕೊಂಡು ಬಂದರು. "ನಮ್ಮೂರಾಗ ಎಮ್ಮಿ ಕಟ್ಟಿದವರಾ ನಾವು, ನೀವು ಚೂರು ಅಡ್ಡಾಗ್ರಿ ಅಕ್ಕಾರ" ಎಂದು ಮಲ್ಲಮ್ಮ ನನ್ನನ್ನು ಎಬ್ಬಿಸಿ ತಾನು ಕೂರುತ್ತಿದ್ದಳು.

ಮೂರನೆಯ ದಿನ ಬೆಳಗ್ಗೆ ಬೆಳ್ಳಿಗೆ ಜ್ವರ ಏರಿತು. ಮೇವು ಬಿಟ್ಟಳು. ಡಾಕ್ಟ್ರು ಓಡಿಬಂದರು, ಕೈಯಲ್ಲಿ ಲ್ಯಾಬಿನ ಚೀಟಿ. ಮಗ ಟ್ಯಾಂಕರಿನ ಕೆಲಸಕ್ಕೆ ಹೋಗಿದ್ದ. ಡಾಕ್ಟ್ರು ಚೀಟಿಯನ್ನು ಮಡಚಿ ನನ್ನ ಮುಖ ನೋಡಿದರು. "ಹಾಲಿನಲ್ಲಿ ರೋಗಾಣು ಏನೂ ಬೆಳೆದಿಲ್ಲ ಅಂತ ಬಂದಿದೆ ಅಮ್ಮ. ಇಷ್ಟು ಬಾವು ಇರೋ ಕಡೆ ಏನೂ ಇಲ್ಲ ಅಂದ್ರೆ, ಹಾಲಿನಲ್ಲಿ ಮೊದಲೇ ಔಷಧಿ ಇತ್ತೇನೋ ಅಂತ ಅನುಮಾನ. ಗೊತ್ತಿದ್ದಿದ್ರೆ ಮೊದಲ ದಿನವೇ ಬೇರೆ ಔಷಧಿ ಹಾಕ್ತಿದ್ದೆ."

ಗೊಂತಿನ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ: ಗಂಗೆಯ ಮೂರನೆಯ ಸೂಜಿ, ಫ್ರಿಜ್ಜು, ಬಾಟ್ಲಿ, ಸುಳ್ಳು. ಅಳು ತಡೆಯಲಾಗಲಿಲ್ಲ. "ನನ್ನ ಮಗಂಗೆ ಏಳ್ಬೇಡಿ ಸಾ, ಕೊಟ್ಟಿಗೆ ತೆಗೆಸ್ಬುಡ್ತಾನೆ" ಎಂದು ಕೈಮುಗಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಯಾವ ಔಷಧಿ ಎಂದು ಕೇಳಿ, ಅದು ಕೆಲಸ ಮಾಡಿಲ್ಲ ಎಂದು ಖಚಿತ ಮಾಡಿಕೊಂಡು, ಬೇರೆಯದನ್ನು ಹಾಕಿದರು. ಪಟ್ಟಿ ಕಟ್ಟಿದರು, ಗೋಡೆಗೆ ತಾರೀಕು ಬರೆದರು. ಆಮೇಲೆ ನನ್ನ ಪಕ್ಕದಲ್ಲೇ ಕೂತು ಹೇಳಿದರು: "ಈ ಕೊಟ್ಟಿಗೆಗೆ ನಾನು ಮೊದಲು ಬಂದಾಗ ನನಗೆ ಇಪ್ಪತ್ತಾರು ವರ್ಷ. ಹೊಸ ಕೆಲಸ. ಬಂದ ಕಡೆಯಲ್ಲೆಲ್ಲ ಸೂಜಿ ಹಾಕ್ತಿದ್ದೆ, ಹಾಕದಿದ್ರೆ ಜನ ಮರ್ಯಾದೆ ಕೊಡ್ತಿರಲಿಲ್ಲ. ನಿಮ್ಮತ್ತೆಗೆ ಸೂಜಿ ಹಾಕೋದು ಕಲಿಸಿದ್ದು ನಾನೇ. ಮಿಕ್ಕಿದ್ದು ಇಟ್ಕೊಳ್ಳಿ, ಮುಂದಕ್ಕಾಗುತ್ತೆ ಅಂತ ಹೇಳಿದ್ದೂ ನಾನೇ. ಆಗ ನನಗೂ ಅಷ್ಟೇ ಗೊತ್ತಿದ್ದಿದ್ದು."

ಇಷ್ಟು ವರ್ಷ ಮನೆಮನೆಗೂ ಹೋಗಿ ಕಾಯೋಣ ಕಾಯೋಣ ಎಂದು ಬೈಸಿಕೊಂಡವರು ತಾವು ಹಚ್ಚಿದ ಅಭ್ಯಾಸವನ್ನೇ ಬಿಡಿಸಲು ತಿರುಗುತ್ತಿದ್ದರು ಎಂದು ನನಗೆ ಅಂದು ತಿಳಿಯಿತು. ಒಳಗೆ ಹೋಗಿ ಜಾಡಿ ತಂದು, ಅದನ್ನು ಮನೆಯ ಹಿಂದಿನ ರಾಜಕಾಲುವೆಗೆ ಸುರಿಯಲು ಹೊರಟೆ. ಅವರು ಕೈ ಹಿಡಿದು ನಿಲ್ಲಿಸಿದರು.

"ಈ ಕಾಲುವೆ ಎಲ್ಲಿಗೆ ಹೋಗುತ್ತೆ?"

"ಕೆರೆಗೆ."

"ನೀವು ಹಸುಗೆ ಹುಲ್ಲು ಎಲ್ಲಿಂದ ಕುಯ್ಕೊಂಡು ಬರ್ತೀರ?"

"ಕೆರೆ ಅಂಗಳದಿಂದ" ಎಂದೆ. ಎಂದವಳೇ ಜಾಡಿಯನ್ನು ಎದೆಗವಚಿಕೊಂಡು ನಿಂತೆ. ಅವರು ಅದನ್ನು ಇಸಿದುಕೊಂಡು ಬ್ಯಾಗಿಗೆ ಹಾಕಿಕೊಂಡರು. ಆಸ್ಪತ್ರೆಯ ಔಷಧಿ ಕಸದ ಜೊತೆ ಸುಡಲು ಕಳಿಸುತ್ತೇನೆ ಎಂದರು.

ಬೆಳ್ಳಿ ಬದುಕಿದಳು. ಐದನೆಯ ದಿನಕ್ಕೆ ಮೇವಿಗೆ ಬಾಯಿ ಹಾಕಿದಳು. ಆದರೆ ಹಿಂದಿನ ಎಡ ಮೊಲೆ ಬತ್ತಿಹೋಯಿತು. ಮಗ ಅದನ್ನು ನೋಡಿದ. ನಾನು ಕೊಟ್ಟಿಗೆ ಹೋಯಿತು ಎಂದೇ ತಿಳಿದಿದ್ದೆ. ಅವನು ನನ್ನ ಭುಜ ಹಿಡಿದು, "ನೀನ್ಯಾಕಮ್ಮ ಅಳ್ತೀಯ? ಹಸುದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ. ಆ ಡಾಕ್ಟ್ರು ಕಾಯೋಣ ಕಾಯೋಣ ಅಂತ ಹಾಳ್ಮಾಡಿದ. ಇರ್ಲಿ, ಮೂರು ಮೊಲೆ ಐತಲ್ಲ, ಇಟ್ಕೋ" ಎಂದ. ನಾನು ಬಾಯಿ ಬಿಡಲಿಲ್ಲ. ಕೊಟ್ಟಿಗೆ ಉಳಿಯಿತು, ಡಾಕ್ಟ್ರ ಹೆಸರು ಹೋಯಿತು.

ಮಗ ಅಷ್ಟಕ್ಕೇ ಬಿಡಲಿಲ್ಲ. ಮಾರನೆಯ ದಿನ ಡೇರಿಯ ಮುಂದೆ, ಎಲ್ಲರೂ ಹಾಲು ಹಾಕುವ ಹೊತ್ತಿನಲ್ಲಿ, ಡಾಕ್ಟ್ರನ್ನು ತಡೆದು ನಿಲ್ಲಿಸಿ ಕೂಗಾಡಿದ. "ಎರಡ್ ದಿನ ಮೊದ್ಲೇ ಸೂಜಿ ಹಾಕಿದ್ರೆ ಏನ್ರೀ ಹೋಗ್ತಿತ್ತು ನಿಮ್ಮ ಗಂಟು?" ಡಾಕ್ಟ್ರು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡರು. ಸಾಲಿನಲ್ಲಿ ನಾನೂ ನಿಂತಿದ್ದೆ. ನನ್ನ ಕಡೆ ಒಂದು ಸಲವೂ ನೋಡಲಿಲ್ಲ ಆ ಪುಣ್ಯಾತ್ಮ. "ಹೌದಪ್ಪ, ಕಾಯೋಣ ಅಂದಿದ್ದು ನಾನೇ" ಎಂದಷ್ಟೇ ಹೇಳಿ ಹೊರಟರು. ಆಮೇಲೆ ಜನ ಅವರನ್ನು ಕರೆಯುವುದು ಕಡಿಮೆ ಮಾಡಿದರು. ಸೆಕ್ರೆಟರಿಯೇ ಮುಂದಾಗಿ, ಕೇಳಿದ ಸೂಜಿ ಕೇಳಿದ ಕೂಡಲೇ ಹಾಕುವ ಒಬ್ಬನನ್ನು ಎಲ್ಲಿಂದಲೋ ಕರೆಸತೊಡಗಿದ. ಡಾಕ್ಟ್ರು ಮಾತ್ರ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಬಂದಾಗಲೆಲ್ಲ ಬೆಳ್ಳಿಯ ಬೆನ್ನು ಸವರಿ, "ಹೇಗಿದ್ದೀಯಮ್ಮ" ಎನ್ನುವರು. ಅವರು ಹೋದ ಮೇಲೆ ನನಗೆ ಎರಡು ದಿನ ಅನ್ನ ರುಚಿಸುತ್ತಿರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಳ್ಳುತ್ತ ಒಂದು ವರ್ಷ ದೂಡಿದೆ.

ಬೀಳ್ಕೊಡುಗೆ ಇಟ್ಟಿದ್ದು ಡೇರಿಯ ಅಂಗಳದಲ್ಲೇ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕೇಸರಿಬಾತು, ಖಾರಾಬಾತು. ಬಾಡಿಗೆಯವರೂ ಬಂದಿದ್ದರು, ಮಲ್ಲಮ್ಮ ಮಗಳನ್ನು ಎತ್ತಿಕೊಂಡು ಮುಂದಿನ ಸಾಲಲ್ಲೇ ಕೂತಿದ್ದಳು. ಸೆಕ್ರೆಟರಿ ಮೈಕು ಹಿಡಿದು ಹೊಗಳಿದ. ಕೊನೆಗೆ, "ನಮ್ಮ ಸಾಹೇಬ್ರಲ್ಲಿ ಒಂದೇ ಒಂದು ದೋಸ, ಒಸಿ ನಿಧಾನ. ಬೇಕಾದ್ರೆ ಬೆಳ್ಳಿ ಕೇಳಿ, ಮೂರು ಮೊಲೇಲಿ ಸಾಕ್ಷಿ ಏಳ್ತಾಳೆ" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಶಾಲು ಹೊದ್ದು ಕೂತಿದ್ದ ಡಾಕ್ಟ್ರೂ ನಕ್ಕರು. ಅವರು ನಕ್ಕಿದ್ದನ್ನು ನನಗೆ ನೋಡಲಾಗಲಿಲ್ಲ.

ಎದ್ದೆ. ಹೋಗಿ ಸೆಕ್ರೆಟರಿಯ ಕೈಯಿಂದ ಮೈಕು ಕಿತ್ತುಕೊಂಡೆ. ಹಿಂದೆ ಕಂಬಕ್ಕೆ ಒರಗಿ ನನ್ನ ಮಗ ನಿಂತಿದ್ದ. ಇವತ್ತು ಮಾತಾಡಿದರೆ ನಾಳೆ ಕೊಟ್ಟಿಗೆ ಇರುವುದಿಲ್ಲ ಎಂದು ಗೊತ್ತಿದ್ದೇ ಮಾತಾಡಿದೆ.

"ಬೆಳ್ಳಿ ಮೊಲೆ ಓಗಿದ್ದು ಇವರಿಂದ ಅಲ್ಲ. ನನ್ನಿಂದ. ಗಂಗೆ ಔಸ್ದಿ ಪೂರ್ತಿ ಆಕ್ದೆ ಮಿಗಿಸಿ ಫ್ರಿಜ್ಜಲ್ಲಿ ಇಟ್ಟಿದ್ದೆ. ಅದನ್ನ ನಾನೇ ಬೆಳ್ಳಿಗೆ ಚುಚ್ಚಿದೆ. ಇವರು ಕೇಳ್ದಾಗ ಇಲ್ಲ ಅಂದೆ. ಆ ಸುಳ್ಳಿಗೆ ಎರಡು ದಿನ ಓಯ್ತು, ಮೊಲೆ ಓಯ್ತು. ಇವರಿಗೆ ಎಲ್ಲ ಗೊತ್ತಿತ್ತು. ನೀವೆಲ್ಲ ಬೈದ್ರಿ, ನನ್ನ ಮಗನೂ ಬೈದ. ಇವರು ನನ್ನ ಎಸರು ಎತ್ಲಿಲ್ಲ. ನಾನು ಕಳ್ಳಿ ಅಂಗೆ ಆಲು ಆಕಿ ಮನೆಗೆ ಓಗ್ತಿದ್ದೆ. ತೆಪ್ಪಾಯ್ತು ಸಾ."

ಮಗನ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಡಾಕ್ಟ್ರು ಎದ್ದು ಬಂದು ಮೈಕು ತೆಗೆದುಕೊಂಡು, "ಆಯ್ತಮ್ಮ, ಕೂತ್ಕೊಳ್ಳಿ, ನೀರು ಕುಡೀರಿ" ಎಂದರು. ನನ್ನನ್ನು ಹೊಗಳುತ್ತಾರೋ ತೆಗಳುತ್ತಾರೋ ಎಂದು ಜನ ಕತ್ತು ಉದ್ದ ಮಾಡಿದರು. ಎರಡೂ ಮಾಡಲಿಲ್ಲ. ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಈ ಥರ ಮಿಕ್ಕಿದ ಔಷಧಿ ಮನೇಲಿ ಇಟ್ಕೊಂಡಿರೋರು ಇನ್ನು ಎಷ್ಟು ಜನ ಇದ್ದೀರ? ದನದ್ದಾಗ್ಲಿ, ಮನುಷ್ಯರದ್ದಾಗ್ಲಿ. ಕೈ ಎತ್ತಿ ನೋಡೋಣ."

ಒಂದು ಕೈಯೂ ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಡಾಕ್ಟ್ರು ತಾವೇ ಕೈ ಎತ್ತಿದರು. "ನಮ್ಮನೇಲಿ ಇದೆ. ನನ್ನ ಹೆಂಡತಿಗೆ ಡಾಕ್ಟ್ರು ಏಳು ದಿನಕ್ಕೆ ಕೊಟ್ಟಿದ್ದು, ನಾಲ್ಕು ದಿನ ನುಂಗಿ ಕೆಮ್ಮು ಹೋಯ್ತು ಅಂತ ನಿಲ್ಲಿಸಿದ್ದಾಳೆ. ನಿನ್ನೆ ಸಕ್ಕರೆ ಡಬ್ಬಿ ಹಿಂದೆ ಸಿಕ್ತು. ಊರಿಗೆಲ್ಲ ಹೇಳೋನು ನಾನು!"

ಮೊದಲು ನಕ್ಕಿದ್ದು ಅವರ ಹೆಂಡತಿಯೇ. ಆಮೇಲೆ ನಗು ಹಬ್ಬಿತು. ಮಲ್ಲಮ್ಮ ಮಗಳನ್ನು ಇನ್ನೊಂದು ತೊಡೆಗೆ ಹಾಕಿಕೊಂಡು ಕೈ ಎತ್ತಿದಳು. ಹಾಲು ಹಾಕುವ ಹೆಂಗಸರು ಒಬ್ಬೊಬ್ಬರಾಗಿ ಎತ್ತಿದರು. ಸೆಕ್ರೆಟರಿ ಅತ್ತ ಇತ್ತ ನೋಡಿ, ತಲೆ ಕೆರೆಯುವವನಂತೆ ಕಿವಿಯವರೆಗೆ ಕೈ ತಂದ, ಆಮೇಲೆ ಇನ್ನೇನು ಎಂದು ಪೂರ್ತಿ ಎತ್ತಿದ. ಡಾಕ್ಟ್ರು ಬೆರಳು ಮಾಡಿ ಎಣಿಸುತ್ತಿದ್ದರು. "ನಾ ಹೊರಡೋ ಮುಂಚೆ ಎಲ್ಲ ತಂದು ಈ ಮೇಜಿನ ಮೇಲೆ ಇಡಿ. ಹಿಂದೆ ಇನ್ಯಾರಾದ್ರೂ ಇದ್ದೀರಾ?" ಎಂದರು.

ನಾನು ತಿರುಗಿ ನೋಡಿದೆ. ಕಂಬಕ್ಕೆ ಒರಗಿದ್ದ ನನ್ನ ಮಗ ನೆಟ್ಟಗೆ ನಿಂತಿದ್ದ. ಕಣ್ಣು ಕೆಂಪಾಗಿತ್ತು. ನನ್ನ ಮುಖವನ್ನೇ ನೋಡುತ್ತ ಅವನು ಮೆಲ್ಲಗೆ ಕೈ ಎತ್ತಿದ. "ನನ್ ಕಾರಲ್ಲಿ ಐತೆ ಸಾ, ಅರ್ಧ ಶೀಟು ಮಾತ್ರೆ" ಎಂದ.